ಅರ್ಥ್ ವೈರಿನ ಜಾಯಿಂಟ್ ಕಡೆಗೂ ಗಮನ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಗ್ರೈಂಡರ್, ಗೀಸರ್, ನೀರಿನ ಮೋಟರ್ ಮುಟ್ಟಿ ಶಾಕ್ ಹೊಡೆದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಆಗೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಮನೆಗೆ ಅರ್ಥಿಂಗ್ ಇರಲಿಲ್ವಾ? ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಈ ವ್ಯವಸ್ಥೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಗುಂಡಿ ತೆಗೆದು, ಪೈಪ್ ಹೂತು, ಉಪ್ಪು, ಇದ್ದಿಲು ಸುರಿದಿರುತ್ತಾರೆ. ಕೆಟ್ಟಿರುವುದು ಆ ಪೈಪಿಗೆ ವೈರ್ ಸೇರುವ ಜಾಯಿಂಟ್. ವೈರಿಂಗ್ ಕೆಲಸ ಮಾಡುವ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಹಳೇ ಮನೆಯ ಗುಂಡಿಯ ಮುಚ್ಚಳ ತೆಗೆದು ನೋಡಿ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ತಾಮ್ರದ ವೈರನ್ನು ನಾಲ್ಕು ಸುತ್ತು ಸುತ್ತಿ, ಮೇಲೆ ಕಪ್ಪು ಟೇಪ್ ಅಂಟಿಸಿರುತ್ತಾರೆ. ಟೇಪ್ ಬಿಚ್ಚಿದರೆ ತಾಮ್ರ ಹಸಿರು ಹಿಡಿದಿರುತ್ತದೆ. ಪೈಪಿನ ಮೇಲೆ ಬಿಳಿ ಪುಡಿ, ಅದರಡಿ ತುಕ್ಕು. ಸ್ವಲ್ಪ ಎಳೆದರೆ ಸಾಕು, ವೈರ್ ಕೈಗೇ ಬರುತ್ತದೆ. ತಾಮ್ರವೂ ಜಿ.ಐ. ಪೈಪೂ ತೇವದಲ್ಲಿ ತಾಗಿಕೊಂಡಿದ್ದರೆ ಪೈಪಿನ ಮೇಲಿನ ಸತು ಬೇಗ ಸವೆದುಹೋಗುತ್ತದೆ. ಮಣ್ಣಿನಲ್ಲಿ ಕರೆಂಟ್ ಚೆನ್ನಾಗಿ ಹರಿಯಲಿ ಎಂದು ಹಾಕಿದ ಉಪ್ಪೇ ಜಾಯಿಂಟನ್ನು ಇನ್ನೂ ಬೇಗ ತಿನ್ನುತ್ತದೆ.

ಕರೆಂಟ್ ತರುವ ಫೇಸ್ ವೈರ್ ಕಿತ್ತುಹೋದರೆ ಲೈಟ್ ಆರುತ್ತದೆ, ತಕ್ಷಣ ಗೊತ್ತಾಗುತ್ತದೆ. ಅರ್ಥ್ ವೈರ್ ಕಿತ್ತುಹೋದರೆ ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಫ್ಯಾನ್ ತಿರುಗುತ್ತದೆ, ಫ್ರಿಜ್ ಓಡುತ್ತದೆ. ಮುಂದೆ ಯಾವತ್ತೋ ಗೀಸರ್ ಕಾಯಿಲ್ ಒಡೆದು ಅದರ ಲೋಹದ ಮೈಗೆ ಕರೆಂಟ್ ಬಂದಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಮಲ್ಟಿಮೀಟರ್ ಹಿಡಿದು ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟ್ ತೋರಿಸಿ ‘ಎಲ್ಲಾ ಸರಿ ಇದೆ’ ಅನ್ನುವವರಿದ್ದಾರೆ. ವೈರಿನ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಮೀಟರ್ ಅಷ್ಟನ್ನೇ ತೋರಿಸುತ್ತದೆ. ನಿಜವಾಗಿ ಕರೆಂಟ್ ಹರಿಯುವ ಹೊತ್ತಿಗೆ ಆ ಎಳೆ ತಾಳುವುದಿಲ್ಲ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸಿದ್ದೇವೆ, ಇನ್ನೇನು ಭಯ ಅಂತ ಕೆಲವರು ಕೇಳುತ್ತಾರೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಪ್ರತಿ ಮನೆಗೂ ಬೇಕೇ ಬೇಕು. ಆದರೆ ಅರ್ಥ್ ಸರಿಯಿದ್ದರೆ ಕರೆಂಟ್ ಸೋರಿದ ಕ್ಷಣವೇ ಅದು ಟ್ರಿಪ್ ಆಗುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಅವರ ಮೈ ಮೂಲಕ ಕರೆಂಟ್ ಹರಿದ ಮೇಲೆಯೇ ಟ್ರಿಪ್ ಆಗುವುದು. ಆ ಮುಟ್ಟುವವರು ನಮ್ಮ ಮನೆಯ ಮಗುವೇ ಆಗಿರಬಹುದು.

ಸರಿಯಾಗಿ ಮಾಡಿಸಲು ದೊಡ್ಡ ಖರ್ಚೇನೂ ಇಲ್ಲ. ವೈರಿನ ತುದಿಗೆ ತವರ ಲೇಪಿಸಿದ ತಾಮ್ರದ ಲಗ್ (ಬೋಲ್ಟಿಗೆ ಸೇರಿಸುವ ತೂತಿನ ತುದಿ) ಹಾಕಿ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಬೇಕು. ಕಟಿಂಗ್ ಪ್ಲೈಯರಿನಲ್ಲಿ ಜಜ್ಜಿದರೆ ಆಗುವುದಿಲ್ಲ. ಪೈಪಿನ ಕ್ಲ್ಯಾಂಪಿಗೆ ಬೋಲ್ಟು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಬೇಕು. ಗುಂಡಿಯಿಂದ ಬೋರ್ಡಿನವರೆಗೆ ವೈರ್ ಒಂದೇ ತುಂಡಾಗಿರಲಿ. ನಡುವೆ ಜಾಯಿಂಟ್ ಬೇಕೇ ಬೇಕಾದರೆ ತೆರೆದು ನೋಡಬಹುದಾದ ಬಾಕ್ಸಿನೊಳಗೆ ಕನೆಕ್ಟರ್ ಹಾಕಿ ಮಾಡಲಿ, ಪ್ಲಾಸ್ಟರಿನ ಒಳಗೆ ಬೇಡ. ಗೋಡೆಯ ಹೊರಗೆ ಬರುವ ವೈರಿಗೆ ಪಿವಿಸಿ ಪೈಪಿನ ರಕ್ಷಣೆ ಇರಲಿ. ಗುದ್ದಲಿ ತಾಗಿ, ಇಲಿ ಕಡಿದು ಹಾಳಾದ ಅರ್ಥ್ ವೈರ್‌ಗಳು ಎಷ್ಟೋ.

ನೀರಿನ ಪೈಪಿನ ವಿಷಯವೂ ಇದೆ. ಹಿಂದೆ ಬಚ್ಚಲಿನ ಜಿ.ಐ. ಪೈಪಿಗೇ ಅರ್ಥ್ ವೈರ್ ಕಟ್ಟುವ ಅಭ್ಯಾಸ ಇತ್ತು. ಈಗ ಸೋರುವ ಕಡೆ ಜಿ.ಐ. ತುಂಡು ಕತ್ತರಿಸಿ ಪ್ಲಾಸ್ಟಿಕ್ ಪೈಪ್ ಸೇರಿಸುತ್ತಾರೆ. ಅಲ್ಲಿಗೆ ಅರ್ಥ್ ಕಡಿದುಹೋಯಿತು, ಹೇಳುವವರು ಯಾರೂ ಇಲ್ಲ. ಕರೆಂಟ್ ಸೋರಿದರೆ ನಲ್ಲಿ ಸಮೇತ ಇಡೀ ಪೈಪಿಗೆ ಕರೆಂಟ್ ಬರುತ್ತದೆ. ಮನೆಯಲ್ಲಿ ಕಬ್ಬಿಣದ ಪೈಪ್ ಲೈನ್ ಉಳಿದಿದ್ದರೆ ಅದನ್ನೂ ಸೋಲಾರ್ ಹೀಟರಿನ ಸ್ಟ್ಯಾಂಡನ್ನೂ ಕ್ಲ್ಯಾಂಪ್ ಹಾಕಿ ಕನಿಷ್ಠ 6 ಚದರ ಮಿ.ಮೀ. ತಾಮ್ರದ ವೈರಿನಿಂದ ಮನೆಯ ಮುಖ್ಯ ಅರ್ಥ್‌ಗೆ ಸೇರಿಸಬೇಕು. ಆಗ ನಲ್ಲಿಗೂ ಗೀಸರ್ ಬಾಡಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಹೆಚ್ಚುವುದಿಲ್ಲ, ಎರಡನ್ನೂ ಒಟ್ಟಿಗೆ ಮುಟ್ಟಿದರೂ ಅಪಾಯ ಕಡಿಮೆ. ಪೂರ್ತಿ ಪ್ಲಾಸ್ಟಿಕ್ ಪೈಪ್ ಇರುವ ಮನೆಯಲ್ಲಿ ಪೈಪಿಗೆ ಇದು ಬೇಕಿಲ್ಲ.

ಹೊಸ ಮನೆಗೆ ಕರೆಂಟ್ ಕೊಡುವ ಮೊದಲು ಲೈಸೆನ್ಸ್ ಇರುವ ಗುತ್ತಿಗೆದಾರರು ವೈರಿಂಗ್ ಕೆಲಸ ಮುಗಿದ ಬಗ್ಗೆ ಕಂಪ್ಲೀಷನ್ ರಿಪೋರ್ಟ್ ಕೊಡುತ್ತಾರೆ. ಮನೆ ಕಟ್ಟಿಸಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೆ? ವಿದ್ಯುತ್ ಸರಬರಾಜು ಕಂಪನಿಗಳು ಅದರ ಒಂದು ಪ್ರತಿಯನ್ನು ಮಾಲೀಕರ ಕೈಗೆ ತಪ್ಪದೆ ಕೊಡಿಸಲಿ. ಅರ್ಥ್‌ನ ಓಮ್ ರೀಡಿಂಗ್ (ಕರೆಂಟ್ ನೆಲಕ್ಕಿಳಿಯಲು ಎಷ್ಟು ಅಡ್ಡಿ ಇದೆ ಎಂಬ ಅಳತೆ) ಜೊತೆಗೆ ಗುಂಡಿಯ ಜಾಯಿಂಟಿನ ಫೋಟೋ ಕೂಡ ಅದರಲ್ಲಿರಲಿ. ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸ. ಹಳೇ ಮನೆಯವರು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಆಫ್ ಮಾಡಿಸಿ ಬೋಲ್ಟ್ ಬಿಗಿ ಮಾಡಿಸಲಿ. ಪೋರ್ಟಿಕೋಗೆ ಟೈಲ್ಸ್ ಹಾಕಿಸುವಾಗ ಗುಂಡಿಯ ಮುಚ್ಚಳವನ್ನು ಅದರಡಿ ಮುಚ್ಚಿಬಿಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಎಲೆಕ್ಟ್ರಿಷಿಯನ್, ತುಮಕೂರು