ಕ್ಯಾಲ್ಕುಲೇಟರ್‌ ತೋರಿಸಿದ ಬೆಂಗಳೂರು

ಮಾನ್ಯ ಸಂಪಾದಕರೇ,

ಮೊನ್ನೆ ರಾತ್ರಿ ಪಿಯುಸಿ ಓದೋ ಮಗಳು ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಮೊಬೈಲಲ್ಲಿ ಬೆಂಗಳೂರಿನ ಜನಸಂಖ್ಯೆ ಲೆಕ್ಕ ಹಾಕ್ತಿದ್ಳು. ನಗರ ಜಿಲ್ಲೇಲಿ 2001ರಲ್ಲಿ ಸುಮಾರು 65 ಲಕ್ಷ ಇದ್ದಿದ್ದು 2011ಕ್ಕೆ 96 ಲಕ್ಷ ಆಯ್ತು, ಅಂದ್ರೆ ಹತ್ತು ವರ್ಷಕ್ಕೆ ಶೇ 47, ಇದೇ ರೇಟಲ್ಲಿ ಚಕ್ರಬಡ್ಡಿ ಥರ ಗುಣಿಸ್ತಾ ಹೋದ್ರೆ 2031ಕ್ಕೆ 2 ಕೋಟಿ ದಾಟುತ್ತೆ, 2061ಕ್ಕೆ 6.6 ಕೋಟಿ! 2011ರಲ್ಲಿ ಇಡೀ ಕರ್ನಾಟಕದಲ್ಲಿ ಇದ್ದಿದ್ದೇ 6.11 ಕೋಟಿ ಸ್ವಾಮಿ. "ಅಪ್ಪಾ, ಅಷ್ಟು ಜನಕ್ಕೆ ಕಾವೇರಿ ನೀರು ಸಾಕಾಗತ್ತಾ?" ಅಂದ್ಳು.

ಗುಣಾಕಾರ ಸರಿನೇ ಇದೆ, ರೇಟು ಹಂಗೇ ಇರುತ್ತೆ ಅಂದ್ಕೊಂಡಿದ್ದೇ ಎಡವಟ್ಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಅಷ್ಟೇ. ಇನ್ನು ವಲಸೆ ಅನ್ನೋದು ಕೆಲಸ, ಬಾಡಿಗೆ ನೋಡ್ಕೊಂಡು ಏರುತ್ತೆ ಇಳಿಯುತ್ತೆ (ಲಾಕ್‌ಡೌನ್ ಟೈಮಲ್ಲಿ ನಮ್ಮ ಬೀದೀಲೇ ಎಷ್ಟು ಟು-ಲೆಟ್ ಬೋರ್ಡು ನೇತಾಡ್ತಿತ್ತು). ಸಾಲದ್ದಕ್ಕೆ 2021ರ ಗಣತೀನೂ ನಡೀಲಿಲ್ಲ. ಐದ್ಹತ್ತು ವರ್ಷದ ಅಂದಾಜಿಗೆ ಈ ಲೆಕ್ಕ ಓಕೆ, ಐವತ್ತು ವರ್ಷಕ್ಕೆ ಎಳೆದ್ರೆ ಬರೀ ತಮಾಷೆ. ನೀವೂ "2050ಕ್ಕೆ ಇಷ್ಟು ಕೋಟಿ" ಅಂತ ಹೆಡ್‌ಲೈನ್ ಹಾಕೋವಾಗ ಯಾವ ರೇಟ್ ಹಿಡ್ಕೊಂಡು ಲೆಕ್ಕ ಹಾಕಿದ್ದು ಅಂತ ಒಂದು ಸಾಲು ಸೇರ್ಸಿ ದಯವಿಟ್ಟು.

– ಒಬ್ಬ ಓದುಗ, ಬೆಂಗಳೂರು