ನೀವು ಅಳಿಸಿದ ಬೊಡ್ಡೆಗಳು: ಒಂದು ಫೋಟೊ ಪುಸ್ತಕದ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಫೋಟೊ ಪುಸ್ತಕ ಮುದ್ರಣ ಸೇವೆ, ಬೆಂಗಳೂರು

ಇವರಿಂದ,
ನಿಮ್ಮ ಗ್ರಾಹಕಿ, ವಿನೋಬನಗರ, ಶಿವಮೊಗ್ಗ

ದಿನಾಂಕ: 27 ಅಕ್ಟೋಬರ್ 2025

ವಿಷಯ: ಶರಾವತಿ ಹಿನ್ನೀರಿನ ಪ್ರವಾಸದ ಫೋಟೊಗಳನ್ನು ಕೇಳದೆ ತಿದ್ದಿರುವುದು, ಬೇರೆಯವರ ಫೋಟೊ ಸೇರಿಸಿರುವುದು, ಕನ್ನಡ ಅಕ್ಷರ ಒಡೆದಿರುವುದು – ಮರುಮುದ್ರಣ ಕೋರಿ.

ಮಾನ್ಯರೇ,

ಸೆಪ್ಟೆಂಬರ್ 29ರಂದು ನಿಮ್ಮಲ್ಲಿ 40 ಪುಟದ, ಗಟ್ಟಿ ರಟ್ಟಿನ ಫೋಟೊ ಪುಸ್ತಕಕ್ಕೆ ಆರ್ಡರ್ ಕೊಟ್ಟು 3,480 ರೂಪಾಯಿ ಕಟ್ಟಿದ್ದೆ. ಕಳಿಸಿದ್ದು 62 ಫೋಟೊ, ಅವುಗಳ ಕೆಳಗೆ ಹಾಕಲು ನಾನೇ ಟೈಪ್ ಮಾಡಿದ 31 ಸಾಲು. ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಮನೆಯವರೆಲ್ಲ ಸೇರುವ ಹೊತ್ತಿಗೆ ಅಪ್ಪಯ್ಯನ ಕೈಗೆ ಕೊಡಬೇಕು ಅಂತಿತ್ತು. ಅಕ್ಟೋಬರ್ 18ಕ್ಕೆ ಪುಸ್ತಕ ಬಂತು, ಹೇಳಿದ ದಿನಕ್ಕೇ ಬಂತು, ಪ್ಯಾಕಿಂಗೂ ಚೆನ್ನಾಗಿತ್ತು. ದೂರು ಇರುವುದು ಒಳಗೆ ಏನಿದೆ ಅನ್ನುವುದರ ಬಗ್ಗೆ.

ಎರಡು ಸಲ ನಿಮ್ಮ ಚಾಟ್‌ನಲ್ಲಿ ಬರೆದೆ, ಒಂದು ಸಲ ಫೋನ್ ಮಾಡಿದೆ. ಫೋನಿನಲ್ಲಿ ಮಾತಾಡಿದ ಹುಡುಗಿ ಪಾಪ ಸಮಾಧಾನವಾಗಿಯೇ ಕೇಳಿಸಿಕೊಂಡು, ‘ಮೇಡಂ, ನಿಮ್ಮ ಫೋಟೊಗಳ ಕ್ವಾಲಿಟಿ ಫ್ರೀಯಾಗಿ ಇಂಪ್ರೂವ್ ಮಾಡಿದ್ದೀವಿ’ ಅಂದಳು. ಅರ್ಧ ಗಂಟೆಯಲ್ಲಿ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೆಸೇಜ್ ಬಂತು. ಬಗೆಹರಿದಿಲ್ಲ. ಅದಕ್ಕೇ ಈ ಕಾಗದ, ಸ್ಪೀಡ್ ಪೋಸ್ಟಿನಲ್ಲಿ.

ಪುಸ್ತಕದ 14ನೇ ಪುಟ ತೆಗೆಯಿರಿ. ನಮ್ಮ ಅಪ್ಪಯ್ಯ ನೀರಿನ ದಂಡೆಯಲ್ಲಿ ನಿಂತಿದ್ದಾರೆ. ಪಂಚೆ ಮೇಲೆ ಕಟ್ಟಿ, ಎಡಗೈಯಲ್ಲಿ ಕೊಡೆ ಹಿಡಿದು, ಬಲಗೈ ಉದ್ದಕ್ಕೆ ಚಾಚಿ ನೀರಿನ ಕಡೆ ಏನನ್ನೋ ತೋರಿಸುತ್ತಿದ್ದಾರೆ. ಏನನ್ನು ಅಂತ ನಿಮ್ಮ ಪುಟ ನೋಡಿದವರಿಗೆ ಗೊತ್ತಾಗುವುದಿಲ್ಲ. ಅಲ್ಲಿ ನೀರು ಬಿಟ್ಟರೆ ಏನೂ ಇಲ್ಲ. ನಾನು ಕಳಿಸಿದ ಫೋಟೊದಲ್ಲಿ ಅವರ ಬೆರಳಿನ ನೇರಕ್ಕೆ ಹನ್ನೊಂದು ಮರದ ಬೊಡ್ಡೆಗಳಿದ್ದವು. ಕಪ್ಪಗೆ, ಕೊಂಬೆ ಇಲ್ಲದೆ, ನೀರಿನಿಂದ ಎರಡಾಳು ಎತ್ತರಕ್ಕೆ ನಿಂತವು. ನಿಮ್ಮ ಸಾಫ್ಟ್‌ವೇರಿಗೆ ಅವು ಕಸ ಅನ್ನಿಸಿದವು. ಒಂದೊಂದನ್ನೇ ಕಿತ್ತು, ಆ ಜಾಗಕ್ಕೆ ನೀಲಿ ನೀರು ಬಳಿದಿದೆ. ಮೂಲ ಫೋಟೊ ಪ್ರಿಂಟ್ ಹಾಕಿಸಿ ಲಗತ್ತಿಸಿದ್ದೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬೆಂಗಳೂರಲ್ಲಿ ಕೂತು ಇದೆಲ್ಲ ತಿಳಿಯುವುದು ಕಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಹಿನ್ನೀರು ಮೊದಲಿನಿಂದಲೂ ಇದ್ದ ಕೆರೆ ಅಲ್ಲ, ಸರೋವರವೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಬರುವ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ, 1964ರಲ್ಲಿ ನಿಲ್ಲಿಸಿದ ನೀರು. ತುಂಬಿದರೆ ಸಮುದ್ರಮಟ್ಟದಿಂದ 1,819 ಅಡಿ. ಸಾಗರ, ಹೊಸನಗರ ತಾಲ್ಲೂಕಿನ ಊರೂರೇ ಅಡಿಗೆ ಹೋಯಿತು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ನೀರು ತೀರಾ ತಗ್ಗಿದ ಬೇಸಿಗೆಯಲ್ಲಿ ಅದು ಎದ್ದು ಕೂತಾಗ ಜನ ಬಸ್ಸು ಮಾಡಿಕೊಂಡು ನೋಡಲು ಬರುತ್ತಾರೆ. ನಮ್ಮ ಕಡೆ ಇದಕ್ಕೆಲ್ಲ ಸೇರಿ ಒಂದೇ ಮಾತು, ‘ಮುಳುಗಡೆ’. ‘ಯಾವೂರು ನಿಮ್ಮದು?’ ಅಂದರೆ ‘ನಾವು ಮುಳುಗಡೆಯವರು’ ಅಂತಾರೆ, ಅಷ್ಟೆ. ನೀರು ಏರುವಾಗ ಲಾರಿಯಲ್ಲಿ ಸಾಮಾನು, ದನ, ಮಕ್ಕಳು ಎಲ್ಲ ಹೇರಿಕೊಂಡು ಬಂದು ಕಾಡಿನ ಮಧ್ಯೆ ಇಳಿದವರು. ಜಾಗದ ಹಕ್ಕುಪತ್ರಕ್ಕೆ ಈಗಲೂ ಕಚೇರಿ ಅಲೆಯುತ್ತಿರುವವರಿದ್ದಾರೆ. ಅದು ನಿಮ್ಮ ವಿಚಾರ ಅಲ್ಲ ಬಿಡಿ.

ಬೊಡ್ಡೆಗಳು ಆಗಿನ ಮರಗಳೇ. ನೀರೊಳಗೆ ಗಾಳಿ ತಾಗದಿದ್ದರೆ ಮರ ಬೇಗ ಕೊಳೆಯುವುದಿಲ್ಲ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರಿಳಿದ ಹಾಗೆ ಮೇಲೆ ಕಾಣುತ್ತವೆ. ಲಾರಿ ಹತ್ತಿದಾಗ ಅಪ್ಪಯ್ಯನಿಗೆ ಹತ್ತು ವರ್ಷ. ಮನೆ, ಕೊಟ್ಟಿಗೆ, ಬಾವಿ ಯಾವುದರ ಗುರುತೂ ಉಳಿದಿಲ್ಲ. ಗದ್ದೆ ಬಯಲಿನ ಅಂಚಿಗೆ ಸಾಲಾಗಿದ್ದ ಆ ಮರಗಳ ಲೆಕ್ಕದ ಮೇಲೇ ಅವರು ಊರು ಎಲ್ಲಿತ್ತು ಅಂತ ಹೇಳುವುದು. ‘ಬಲದಿಂದ ಮೂರನೇದು ಇದೆಯಲ್ಲ, ಅದರ ಆಚೆಗೆ ನಮ್ಮ ಕಣ’ ಅಂದರು ಆವತ್ತು. 14ನೇ ಪುಟದ ಕೆಳಗೆ ನಾನು ಟೈಪ್ ಮಾಡಿದ್ದೂ ಆ ಮಾತನ್ನೇ. ನೀವು ಅದನ್ನು ತೆಗೆದು ‘ಬೀಚ್‌ನಲ್ಲಿ ಸುಂದರ ದಿನ’ ಅಂತ ಹಾಕಿದ್ದೀರಿ.

ಬೀಚ್ ಅನ್ನುವುದಕ್ಕೂ ಕಾರಣ ಇದೆ ಅಂತ ಆಮೇಲೆ ಹೊಳೆಯಿತು. ನೀರಿಳಿದ ದಂಡೆಯಲ್ಲಿ ಕೆಂಪು ಮಣ್ಣಿನ ಅಗಲವಾದ ಪಟ್ಟಿ ಇರುತ್ತದೆ, ಸುತ್ತಲೂ, ಗುಡ್ಡಗಳ ಬುಡಕ್ಕೆಲ್ಲ ಹುರಿಮಂಜು ಬಳಿದ ಹಾಗೆ. ಅದನ್ನು ನೀವು ಮರಳಿನ ಬಣ್ಣಕ್ಕೆ ತಿರುಗಿಸಿದ್ದೀರಿ. ಮೇಲೆ ಮೋಡ ಕಟ್ಟಿತ್ತು, ಮೇ ತಿಂಗಳ ಅಡ್ಡಮಳೆಯ ಮೋಡ, ಇನ್ನೈದು ನಿಮಿಷಕ್ಕೆ ಹನಿ ಬಿತ್ತು; ಅದನ್ನು ತೆಗೆದು ಹತ್ತಿ ಉಂಡೆಯಂಥ ಬಿಳಿ ಮೋಡ ಅಂಟಿಸಿದ್ದೀರಿ. ಅದೇ ಮೂರು ಉಂಡೆ 14, 19, 22 ಮತ್ತು 31ನೇ ಪುಟದಲ್ಲೂ ಇವೆ. 31ನೇ ಪುಟದ್ದು ಸಂಪೆಕಟ್ಟೆಯಲ್ಲಿ ಮಾರನೇ ದಿನ ತೆಗೆದ ಫೋಟೊ, ಅಲ್ಲಿಂದ ಕೊಡಚಾದ್ರಿಯ ತಲೆ ಮೋಡದೊಳಗೆ ಹೋಗಿ ಬರಿ ಬುಡ ಕಾಣುತ್ತಿತ್ತು. ನಿಮ್ಮ ಪುಟದಲ್ಲಿ ಮೋಡ ಸರಿದಿದೆ, ಹಿಂದೆ ಚೂಪಾದ ಹಿಮಾಲಯದಂಥ ಒಂದು ತುದಿ ಮೂಡಿದೆ. 1,343 ಮೀಟರಿನ ಗುಡ್ಡ ಅದು. ನಾವು ನೋಡದ ತುದಿಯನ್ನು ನಮ್ಮ ಪುಸ್ತಕದಲ್ಲಿ ಕೂರಿಸಲು ನಿಮಗೆ ಯಾರು ಹೇಳಿದರು? ಜೋಗದ ಫೋಟೊಗೆ ಮಾತ್ರ ನೀರು ಹರಿಸಿಲ್ಲ. ಬೇಸಿಗೆಯ ಜೋಗ, 830 ಅಡಿ ಬರಿ ಬಂಡೆ, ಅದರಲ್ಲಿ ಒಂದು ಬಿಳಿ ದಾರ. ಅದೊಂದು ಉಳಿದದ್ದು ನಮ್ಮ ಪುಣ್ಯ.

ಲಾಂಚಿನ ಫೋಟೊದ್ದು ಇನ್ನೊಂದು ಕಥೆ. ಮೇ 10ರ ಶನಿವಾರ ನಾವು ಲಾಂಚ್ ಹತ್ತುವ ಹೊಳೆಬಾಗಿಲಿಗೆ ಬಂದಾಗ ಸಿಗಂದೂರು ದೇವಸ್ಥಾನಕ್ಕೆ ಹೋಗುವವರ ಸಾಲು ರಸ್ತೆಯವರೆಗೂ ಇತ್ತು. ಬಿಸಿಲಲ್ಲಿ ಒಂದೂಕಾಲು ಗಂಟೆ ಕಾದೆವು. ನಮ್ಮನೆಯವರು ಕಾರಲ್ಲೇ ಕೂತು ಗೊಣಗಿದರು, ಮಗಳು ಎರಡು ಪೊಟ್ಟಣ ಮಂಡಕ್ಕಿ ಮುಗಿಸಿದಳು. ಲಾಂಚಿನಲ್ಲಿ ನಮ್ಮ ಪಕ್ಕಕ್ಕೆ ಒಂದು ಬಸ್ಸು, ನಾಲ್ಕೈದು ಕಾರು, ಬೈಕು, ಹೂವಿನ ಬುಟ್ಟಿ ಹಿಡಿದವರು, ಮಗು ಎತ್ತಿಕೊಂಡವರು, ಎಲ್ಲ ಸೇರಿ ಕಾಲಿಡಲು ಜಾಗ ಇರಲಿಲ್ಲ. ಹಿಂದೆ ಕಟ್ಟಿ ಮುಗಿಯುತ್ತ ಬಂದಿದ್ದ ಸೇತುವೆಯ ಕಂಬ, ತಂತಿ. ಈಗ 16ನೇ ಪುಟ ನೋಡಿದರೆ ನಾವು ಆರು ಜನ ಲಾಂಚನ್ನೇ ಬಾಡಿಗೆಗೆ ಹಿಡಿದ ಹಾಗೆ ಖಾಲಿ ತಗಡಿನ ಮೇಲೆ ನಿಂತಿದ್ದೇವೆ. ಜನ ಇಲ್ಲ. ಬಸ್ಸಿಲ್ಲ. ಬಸ್ಸಿನ ನೆರಳು ಮಾತ್ರ ನಮ್ಮ ಕಾಲ ಬುಡದಲ್ಲಿ ಹಾಗೇ ಇದೆ, ಅದನ್ನು ಅಳಿಸಲು ಮರೆತಿದ್ದೀರಿ. ಇನ್ನೊಂದು ಫೋಟೊ ತೆಗೆದುಕೊಳ್ಳೋಣ ಅಂದರೆ ಆಗುವುದಿಲ್ಲ. ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರು, ಕಾರಲ್ಲಿ ಮೂರೇ ನಿಮಿಷ. ಆ ಕಡೆಯವರು ಎಷ್ಟೋ ವರ್ಷ ಕಾದ ಸೇತುವೆ, ಆಗಿದ್ದು ಒಳ್ಳೆಯದೇ ಆಯಿತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಏನು ಗತಿ ಅನ್ನುವ ಭಯ ನಮ್ಮತ್ತೆಯ ಊರಿನವರಿಗೆ ತಪ್ಪಿತು. ಆದರೆ ಕಾರು ಸಮೇತ ಲಾಂಚ್ ಹತ್ತಿ, ಆ ಗಲಾಟೆಯಲ್ಲಿ ನಿಂತು ಹೊಳೆ ದಾಟಿದ್ದು ನಮಗೆ ಅದೇ ಕೊನೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 31 ಸಾಲುಗಳಲ್ಲಿ ಆರು ಮಾತ್ರ ಬಂದಿವೆ. ಆ ಆರರಲ್ಲೂ ಒತ್ತಕ್ಷರ ಬಿಚ್ಚಿಹೋಗಿ ‘ಲಿಂಗನಮಕ್‌ಕಿ’, ‘ಅಪ್‌ಪಯ್‌ಯ’ ಅಂತ ಅಚ್ಚಾಗಿದೆ. ಓದಿದರೆ ಬಿಕ್ಕಳಿಸಿದ ಹಾಗೆ ಕೇಳುತ್ತದೆ. ಬ್ಯಾಕೋಡಿನಲ್ಲಿ ಅತ್ತೆ ಚಾಪೆ ಮೇಲೆ ಹಲಸಿನ ಹಪ್ಪಳ ಒಣಹಾಕುತ್ತಿರುವ ಫೋಟೊಗೆ ‘ರುಚಿಯಾದ ದೋಸೆ’ ಅಂತ ನಿಮ್ಮ ಯಂತ್ರವೇ ಬರೆದಿದೆ. ಇದಕ್ಕೆ ಅತ್ತೆ ಬಿದ್ದು ಬಿದ್ದು ನಕ್ಕಿದ್ದಾರೆ, ಹಾಗಾಗಿ ಇದೊಂದನ್ನು ದೂರಿನಿಂದ ಬಿಡುತ್ತೇನೆ. ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಕೋಟೆಯ ನಾಲ್ಕು ಫೋಟೊದಲ್ಲಿ ಎರಡು ಕಾಣೆ.

27 ಮತ್ತು 28ನೇ ಪುಟ ನಮ್ಮದಲ್ಲವೇ ಅಲ್ಲ. ಯಾರದೋ ಮನೆಯ ನಾಮಕರಣ, ತೊಟ್ಟಿಲು, ಬಾಣಂತಿ. ನಮ್ಮ ಪುಸ್ತಕಕ್ಕೆ ಅವರದ್ದು ಬಂದಿದೆ ಅಂದರೆ ನಮ್ಮದು ಯಾರ ಮನೆಗೆ ಹೋಗಿದೆ? ಇದಕ್ಕೆ ಬರವಣಿಗೆಯಲ್ಲೇ ಉತ್ತರ ಬೇಕು.

ನನ್ನ ತಪ್ಪನ್ನೂ ಒಪ್ಪುತ್ತೇನೆ. ಆರ್ಡರಿನ ಕೊನೆಯ ಪುಟದಲ್ಲಿ, ಹಣ ಕಟ್ಟುವ ಗುಂಡಿಯ ಕೆಳಗೆ, ‘ಸ್ವಯಂಚಾಲಿತ ಸುಧಾರಣೆ’ ಅನ್ನುವ ಚೌಕಕ್ಕೆ ನೀವೇ ಮೊದಲೇ ಗುರುತು ಹಾಕಿಟ್ಟಿರುತ್ತೀರಿ. ನಾನು ನೋಡಲಿಲ್ಲ. ನೋಡಿದ್ದರೂ ಬೆಳಕು ಗಿಳಕು ಸರಿ ಮಾಡುತ್ತಾರೇನೋ ಅಂದುಕೊಂಡು ಬಿಡುತ್ತಿದ್ದೆ. ಬೆಳಕು ತಿದ್ದುವುದು ಬೇರೆ, ನಿಂತ ಮರ ಕೀಳುವುದು ಬೇರೆ. ಅಚ್ಚಿಗೆ ಹೋಗುವ ಮೊದಲು ಒಂದು ಸಲ ತೋರಿಸಿದ್ದರೆ ಅಲ್ಲೇ ಬೇಡ ಅನ್ನುತ್ತಿದ್ದೆ. ಅದನ್ನೂ ಮಾಡಲಿಲ್ಲ.

ಗೋಪೂಜೆ ಮುಗಿದು ಊಟ ಆದಮೇಲೆ ಪುಸ್ತಕವನ್ನು ಅಪ್ಪಯ್ಯನಿಗೆ ಕೊಟ್ಟೆವು. ನಾನು ಆಗಲೇ ನೋಡಿದ್ದೆ, ಕೊಡುವುದೋ ಬೇಡವೋ ಅಂತ ಎರಡು ದಿನ ಒದ್ದಾಡಿದ್ದೆ. ಮಗಳು ತಡೆಯಲಾರದೆ ಕೊಟ್ಟೇಬಿಟ್ಟಳು. ಜಗುಲಿಯ ಬೆಳಕಿಗೆ ಹಿಡಿದು ಒಂದೊಂದೇ ಪುಟ ತಿರುವಿದರು. 14ಕ್ಕೆ ಬಂದು ನಿಂತರು. ಕನ್ನಡಕ ತೆಗೆದು, ಪಂಚೆಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಹೆಬ್ಬೆರಳಿನಿಂದ ಆ ನೀರನ್ನು ಒಂದೆರಡು ಸಲ ತಿಕ್ಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಆವತ್ತು ನೀರು ಇಷ್ಟು ಇತ್ತೇನೇ? ಮರ ಕಂಡ ಹಾಗಿತ್ತಲ್ಲ ನಂಗೆ’ ಅಂದರು.

‘ಇತ್ತು ಅಪ್ಪಯ್ಯ, ಮರ ಇತ್ತು, ಪ್ರಿಂಟ್ ಹಾಕಿದವರು ತೆಗೆದಿದ್ದಾರೆ’ ಅಂದೆ. ಮೊಬೈಲಿನಲ್ಲಿ ತೋರಿಸಿದೆ. ಅಷ್ಟು ಸಣ್ಣ ಪರದೆಯಲ್ಲಿ ಅವರಿಗೆ ಸರಿಯಾಗಿ ಕಾಣಲಿಲ್ಲ. ‘ಇರಲಿ ಬಿಡು, ವಯಸ್ಸಾಯ್ತು, ಯಾವುದೋ ವರ್ಷ ನೋಡಿದ್ದು ಯಾವುದಕ್ಕೋ ಸೇರಿಸಿಕೊಂಡಿರ್ತೀನಿ’ ಅಂತ ಪುಸ್ತಕ ಮಡಚಿ ಕಿಟಕಿ ಮೇಲಿಟ್ಟರು. ಎಪ್ಪತ್ತೊಂದು ವರ್ಷದ ಮನುಷ್ಯ. ಹೋದ ವಾರದವರೆಗೆ ಅವರಿಗೆ ಆ ಸಾಲಿನ ಬಗ್ಗೆ ಅನುಮಾನ ಇರಲಿಲ್ಲ. 3,480 ರೂಪಾಯಿಯ ಮಾತು ಆಮೇಲೆ ಆಡೋಣ. ನಾನು ಈ ಕಾಗದ ಬರೆಯಲು ಕೂತಿದ್ದು ಇದಕ್ಕೆ.

ನನಗೆ ಬೇಕಾದದ್ದು ಇಷ್ಟು. ಅದೇ 62 ಫೋಟೊ, ನಾನು ಕಳಿಸಿದ ಹಾಗೇ, ಮೋಡ, ಕೆಂಪು ಮಣ್ಣು, ಜನ, ಬಸ್ಸು, ಬೊಡ್ಡೆ ಎಲ್ಲ ಸಮೇತ ಮರುಮುದ್ರಣ ಆಗಬೇಕು. ನನ್ನ 31 ಸಾಲೂ ಇರಬೇಕು. ಒತ್ತಕ್ಷರ ಸರಿ ಬರುವ ಕನ್ನಡ ಅಕ್ಷರ ನಿಮ್ಮಲ್ಲಿ ಇಲ್ಲದಿದ್ದರೆ ಈಗಲೇ ತಿಳಿಸಿ, ಅಚ್ಚಾದ ಮೇಲೆ ಅಲ್ಲ. 14ನೇ ಪುಟದ ಫೋಟೊ ಎರಡು ಪುಟಕ್ಕೆ ಹರಡಿ ದೊಡ್ಡದಾಗಿ ಬರಲಿ, ಆದರೆ ನಡುವಿನ ಮಡಿಕೆ ಅಪ್ಪಯ್ಯನ ಕೈ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಅಚ್ಚಿಗೆ ಮೊದಲು ನನಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಇದು ಆಗದ ಮಾತು ಅನ್ನಿಸಿದರೆ ಪೂರ್ತಿ ಹಣ ವಾಪಸ್ ಮಾಡಿ, ನಾನು ಶಿವಮೊಗ್ಗದಲ್ಲೇ ಸ್ಟುಡಿಯೋದವರ ಹತ್ತಿರ ಮಾಡಿಸಿಕೊಳ್ಳುತ್ತೇನೆ. ಕೂಪನ್, ಮುಂದಿನ ಆರ್ಡರಿಗೆ ರಿಯಾಯಿತಿ, ಇವು ಬೇಡ.

ಕಾಗದ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾನು ಬೆಂಗಳೂರಿಗೆ ಅಲೆಯಬೇಕಿಲ್ಲ, ನೀವು ಶಿವಮೊಗ್ಗಕ್ಕೆ ಬರಬೇಕಾಗುತ್ತದೆ.

ಇಂತಿ,
(ಸಹಿ)

ಲಗತ್ತು: ರಸೀದಿಯ ಪ್ರತಿ, ಚಾಟ್‌ನ ಪ್ರತಿ, 14, 16 ಮತ್ತು 31ನೇ ಪುಟದ ನೆರಳಚ್ಚು, ಆ ಮೂರರ ಮೂಲ ಫೋಟೊ.

ಮರೆತಿದ್ದೆ: ನಾಮಕರಣದ ಎರಡು ಪುಟಗಳನ್ನು ಹುಷಾರಾಗಿ ಕತ್ತರಿಸಿ ಒಂದು ಲಕೋಟೆಯಲ್ಲಿ ಇಟ್ಟಿದ್ದೇನೆ. ಅವರೂ ಹುಡುಕುತ್ತಿರಬಹುದು. ಅವರ ವಿಳಾಸ ನನಗೆ ಕೊಡಬೇಡಿ, ಎಲ್ಲಿಗೆ ಕಳಿಸಬೇಕು ಅಂತ ನಿಮ್ಮ ಕಚೇರಿಯ ವಿಳಾಸ ಹೇಳಿದರೆ ಸಾಕು.