ಪ್ಯಾಕೆಟ್ ರೇಡಿಯೊ ಕಲಿಯಲು ದುಬಾರಿ ಪೆಟ್ಟಿಗೆ ಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಹವ್ಯಾಸಿ ರೇಡಿಯೊ ಕುರಿತು ತಮ್ಮ ಪತ್ರಿಕೆ ಈಚೆಗೆ ಪ್ರಕಟಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮಾತು ಮತ್ತು ಮೋರ್ಸ್ ಸಂಕೇತಗಳ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಪ್ಯಾಕೆಟ್ ರೇಡಿಯೊವನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿ, ಅದು ವಿಶೇಷ ಉಪಕರಣ ಕೊಳ್ಳಬಲ್ಲ ಪರಿಣತರಿಗಷ್ಟೇ ಸಲ್ಲುವ ಹಳೆಯ ವಿದ್ಯೆ ಎಂದುಬಿಟ್ಟಿದ್ದಾರೆ. ಹಲವು ವರ್ಷಗಳಿಂದ ಇದರಲ್ಲೇ ಕೈಯಾಡಿಸುತ್ತಿರುವ ನನಗೆ, ಆ ಒಂದು ಮಾತು ಹೊಸಬರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸೀತೆಂಬ ಆತಂಕ ಉಂಟಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪ್ಯಾಕೆಟ್ ರೇಡಿಯೊದಲ್ಲಿ ನಡೆಯುವುದು ಇಷ್ಟು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಬರಹವನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿನ ಮುಂದೆ ಕಳುಹಿಸುವವರ ಮತ್ತು ಪಡೆಯುವವರ ಕರೆಸಂಕೇತಗಳನ್ನೂ (ಪ್ರತಿ ಪರವಾನಗಿದಾರರನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು) ಹಿಂದೆ ತಾಳೆ ನೋಡಲು 16 ಬಿಟ್‌ಗಳ ಒಂದು ಸಂಖ್ಯೆಯನ್ನೂ ಜೋಡಿಸಲಾಗುತ್ತದೆ. ವಿಎಚ್‌ಎಫ್ ಎಂಬ ಅತ್ಯುಚ್ಚ ಆವರ್ತನಗಳಲ್ಲಿ ರೂಢಿಯಲ್ಲಿರುವ ಕ್ರಮದಂತೆ, ಅದು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ, ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ, ಮಾತನಾಡಲು ಬಳಸುವ ಅದೇ ಎಫ್‌ಎಂ ಸೆಟ್ಟಿನಿಂದ ಹೊರಡುತ್ತದೆ. ಅತ್ತ ಕಡೆ ಲೆಕ್ಕ ತಾಳೆಯಾದರೆ ಸ್ವೀಕೃತಿ ಮರಳುತ್ತದೆ. ಒಂದೇ ಒಂದು ಬಿಟ್ ಕೆಟ್ಟಿದ್ದರೂ ಇಡೀ ತುಂಡನ್ನು ಕೈಬಿಡಲಾಗುತ್ತದೆ, ಸ್ವೀಕೃತಿ ಬಾರದ ಕಾರಣ ಕಳುಹಿಸಿದ ಯಂತ್ರ ಅದನ್ನು ತಾನಾಗಿ ಮತ್ತೆ ಕಳುಹಿಸುತ್ತದೆ. ಮಾತಿನಲ್ಲಾದರೆ ಒಂದೆರಡು ಅಕ್ಷರ ಗದ್ದಲದಲ್ಲಿ ಮುಳುಗಿದರೂ ಕಿವಿ ಊಹಿಸಿಕೊಳ್ಳುತ್ತದೆ. ಪ್ಯಾಕೆಟ್ಟಿನಲ್ಲಿ ಊಹೆಗೆ ಎಡೆಯೇ ಇಲ್ಲ, ಹೊಸಬರ ಬಹುಪಾಲು ಸಂಕಷ್ಟಗಳ ಬೇರು ಇಲ್ಲಿಯೇ ಇದೆ.

ಇದು ಹಳೆಯ ವಿದ್ಯೆ ಎಂಬುದನ್ನು ಒಪ್ಪುತ್ತೇನೆ. ಹವಾಯಿ ವಿಶ್ವವಿದ್ಯಾಲಯದ ಅಲೋಹಾ ಜಾಲ 1971ರಲ್ಲೇ ಪ್ಯಾಕೆಟ್‌ಗಳನ್ನು ರೇಡಿಯೊ ಮೂಲಕ ಸಾಗಿಸಿತ್ತು. 1978ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು ಅದನ್ನು ತಮ್ಮ ಸೆಟ್ಟುಗಳಲ್ಲಿ ಮಾಡಿ ತೋರಿಸಿದರು. ಅದೇ ವರ್ಷ ಷಿಕಾಗೊದಲ್ಲಿ ವಾರ್ಡ್ ಕ್ರಿಸ್ಟೆನ್‌ಸೆನ್ ಮತ್ತು ರ‍್ಯಾಂಡಿ ಸ್ಯೂಸ್ ದೂರವಾಣಿ ತಂತಿಯ ಮೇಲೆ ಮೊದಲ ಕಂಪ್ಯೂಟರ್ ಬುಲೆಟಿನ್ ಬೋರ್ಡನ್ನು ತೆರೆದರು. ಮುಂದಿನ ದಶಕದಲ್ಲಿ ಈ ಎರಡು ಹೊಳೆಗಳು ಕೂಡಿದ್ದರಿಂದ ಹುಟ್ಟಿದ್ದೇ ಪ್ಯಾಕೆಟ್ ಬಿಬಿಎಸ್, ಅಂದರೆ ರೇಡಿಯೊ ಮೂಲಕ ಸಂದೇಶಗಳನ್ನು ಬಿಟ್ಟುಹೋಗಿ ಓದಬಹುದಾದ ಬುಲೆಟಿನ್ ಬೋರ್ಡ್. 1984ರಲ್ಲಿ, ಪ್ಯಾಕೆಟ್‌ಗಳ ರಚನೆಯನ್ನೂ ವಿನಿಮಯವನ್ನೂ ನಿರ್ಧರಿಸುವ ಎಎಕ್ಸ್.25 ನಿಯಮಾವಳಿಯ ಎರಡನೆಯ ಆವೃತ್ತಿ ಪ್ರಕಟವಾದ ಮೇಲೆ ಬೇರೆ ಬೇರೆಯವರು ಮಾಡಿದ ಉಪಕರಣಗಳು ಒಂದೇ ಭಾಷೆಯಲ್ಲಿ ವ್ಯವಹರಿಸತೊಡಗಿದವು.

ಆ ಕಾಲದಲ್ಲಿ ಕಂಪ್ಯೂಟರು ಮತ್ತು ರೇಡಿಯೊ ನಡುವೆ ಟಿಎನ್‌ಸಿ ಎಂಬ, ಬರಹವನ್ನು ಸ್ವರಗಳಾಗಿಯೂ ಸ್ವರಗಳನ್ನು ಬರಹವಾಗಿಯೂ ಮಾರ್ಪಡಿಸುವ ಪೆಟ್ಟಿಗೆ ಇರಲೇಬೇಕಿತ್ತು. ಲೇಖಕರು ಹೇಳಿದ ವಿಶೇಷ ಉಪಕರಣ ಬಹುಶಃ ಇದೇ. ಈಗ ಆ ಪೆಟ್ಟಿಗೆಯ ಕೆಲಸವನ್ನೆಲ್ಲ ಸಾಮಾನ್ಯ ಕಂಪ್ಯೂಟರಿನ ಸೌಂಡ್ ಕಾರ್ಡ್ ಮತ್ತು ಡೈರ್‌ವುಲ್ಫ್‌ನಂಥ ಉಚಿತ ತಂತ್ರಾಂಶ ಮಾಡುತ್ತವೆ. ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರು ಕೂಡ ಸಾಕು. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಸಲಹೆ, ಏನನ್ನೂ ಕೊಳ್ಳದೆ ಇರುವ ಸೆಟ್ಟಿನ ಧ್ವನಿಯನ್ನು ಒಂದು ತಂತಿಯಲ್ಲಿ ಕಂಪ್ಯೂಟರಿಗೆ ಕೊಟ್ಟು, ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಗದ್ದಲವನ್ನು ಅಡಗಿಸುವ ಗುಂಡಿ) ಪೂರ್ತಿ ತೆರೆದು, ಕೆಲವು ದಿನ ಬರಿದೇ ಆಲಿಸಬೇಕು ಎಂಬುದು. ಹಲವು ದೇಶಗಳಲ್ಲಿ ಆಲಿಸುವುದಕ್ಕೆ ಪರವಾನಗಿಯ ಅಗತ್ಯವಿಲ್ಲವಾದರೂ ತಮ್ಮ ದೇಶದ ನಿಯಮವನ್ನು ಮೊದಲೇ ತಿಳಿದುಕೊಳ್ಳುವುದು ಒಳಿತು; ಪ್ರಸಾರ ಮಾಡುವುದಕ್ಕಂತೂ ಪರೀಕ್ಷೆ ಬರೆದು ಪಡೆದ ಪರವಾನಗಿ ಮತ್ತು ಕರೆಸಂಕೇತ ಬೇಕೇ ಬೇಕು. ಹತ್ತಿರದಲ್ಲಿ ಯಾವ ಪ್ಯಾಕೆಟ್ ಕೇಂದ್ರವೂ ಇಲ್ಲದವರು ನಿರಾಶರಾಗಬೇಕಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ ಪ್ಯಾಕೆಟ್ ವಿಧಾನದಲ್ಲಿರುವಾಗ 145.825 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತದೆ, ನಿಲ್ದಾಣ ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷದೊಳಗೆ ತೆರೆಯ ಮೇಲೆ ಸಾಲು ಸಾಲು ಕರೆಸಂಕೇತಗಳು ಮೂಡುತ್ತವೆ. ಕಿವಿಗೆ ಬರಿಯ ಕರಕರ ಸದ್ದಾಗಿ ಕೇಳಿದ್ದು ಕಣ್ಣೆದುರು ಅಕ್ಷರವಾಗುವ ಆ ಗಳಿಗೆಗಾಗಿಯೇ ನಾನು ಇಂದಿಗೂ ಕಾಯುತ್ತೇನೆ.

ಪ್ರಸಾರಕ್ಕೆ ಇಳಿದಾಗ ಎಲ್ಲರೂ ಎಡವುವ ಕಲ್ಲು ಒಂದೇ, ಅದು ಧ್ವನಿಯ ಮಟ್ಟ. ನನ್ನ ಆರಂಭದ ಮೂರು ವಾರಗಳು ಹೀಗೆಯೇ ಕಳೆದವು. ಸಂಪರ್ಕ ಬೇಡಿದ ಪ್ಯಾಕೆಟ್ ಹೋಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ; ಯಂತ್ರ ಹತ್ತು ಬಾರಿ ಪ್ರಯತ್ನಿಸಿ ಸೋತು ನಿಲ್ಲುತ್ತಿತ್ತು. ಸಂಕೇತ ದುರ್ಬಲವಾಗಿರಬೇಕೆಂದು ಭಾವಿಸಿ ನಾನು ಧ್ವನಿಯನ್ನು ದಿನದಿನಕ್ಕೂ ಏರಿಸುತ್ತ ಹೋದೆ. ಕೊನೆಗೆ ಹಿರಿಯ ಹವ್ಯಾಸಿಯೊಬ್ಬರು ನನ್ನ ಸಂಕೇತವನ್ನು ಕೇಳಿ, ಸ್ವರಗಳು ಒಡೆದು ಹೋಗುತ್ತಿವೆ, ಅರ್ಧಕ್ಕಿಂತ ಕೆಳಗಿಳಿಸಿ ಎಂದರು. ಇಳಿಸಿದ ಮೊದಲ ಯತ್ನದಲ್ಲೇ ಸಂಪರ್ಕ ಸಿಕ್ಕಿತು. ಹೆಚ್ಚು ಧ್ವನಿ ಕೊಟ್ಟರೆ ರೇಡಿಯೊ ಅದನ್ನು ಕತ್ತರಿಸುತ್ತದೆ, ಎರಡು ಸ್ವರಗಳ ಆಕಾರ ಕೆಡುತ್ತದೆ, ತಾಳೆ ಸಂಖ್ಯೆ ಹೊಂದುವುದಿಲ್ಲ. ಸ್ವೀಕರಿಸುವ ದಿಕ್ಕಿನಲ್ಲಿ ಡೈರ್‌ವುಲ್ಫ್ ಪ್ರತಿ ಪ್ಯಾಕೆಟ್ಟಿನ ಮಟ್ಟವನ್ನು ಅಂಕಿಯಲ್ಲಿ ತೋರಿಸುತ್ತದೆ, ಅದು 50ರ ಆಸುಪಾಸಿನಲ್ಲಿದ್ದರೆ ಸಾಕು. ಗಮನಿಸಬೇಕಾದ ಇನ್ನೊಂದು ಸಂಗತಿ ಟಿಎಕ್ಸ್ ಡಿಲೇ, ಅಂದರೆ ಪ್ರಸಾರ ಆರಂಭವಾದ ಮೇಲೆ ಮಾಹಿತಿ ಹೊರಡುವ ಮೊದಲು ಕೊಡುವ ಬಿಡುವು. ಇದನ್ನು ಹತ್ತು ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಳೆಯುವುದರಿಂದ 30 ಎಂದು ಕೊಟ್ಟರೆ 300 ಮಿಲಿಸೆಕೆಂಡ್ ಎಂದರ್ಥ. ತೀರ ಕಡಿಮೆಯಾದರೆ ಸೆಟ್ಟು ಪೂರ್ತಿ ಎಚ್ಚರಗೊಳ್ಳುವ ಮೊದಲೇ ಪ್ಯಾಕೆಟ್ಟಿನ ತಲೆ ಹೋಗಿಬಿಟ್ಟಿರುತ್ತದೆ.

ಇಷ್ಟಾದ ಮೇಲೆ ಬಿಬಿಎಸ್‌ಗೆ ಹೋಗುವುದು ಸುಲಭ. ಸಂಪರ್ಕದ ಆದೇಶ ಸಿ, ಅದರ ಮುಂದೆ ಬಿಬಿಎಸ್‌ನ ಕರೆಸಂಕೇತ. ಮೊದಲ ಸಲ ಬಂದವರ ಹೆಸರನ್ನು ಅದು ಸಾಮಾನ್ಯವಾಗಿ ಕೇಳಿ ನೆನಪಿಟ್ಟುಕೊಳ್ಳುತ್ತದೆ. ಎಲ್ ಎಂದರೆ ಸಂದೇಶಗಳ ಪಟ್ಟಿ ಬರುತ್ತದೆ, ಆರ್ ಮತ್ತು ಸಂದೇಶದ ಸಂಖ್ಯೆ ಕೊಟ್ಟರೆ ಓದಲು ಸಿಗುತ್ತದೆ, ಎಸ್‌ಪಿ ಮತ್ತು ಒಬ್ಬರ ಕರೆಸಂಕೇತ ಕೊಟ್ಟರೆ ಅವರಿಗೆ ಕಾಗದ ಬರೆಯಬಹುದು, ಎಸ್‌ಬಿ ಎಂದರೆ ಎಲ್ಲರೂ ಓದುವ ಬುಲೆಟಿನ್. ನಾನು ಸ್ನೇಹಿತರೊಬ್ಬರಿಗೆ ಕಾಗದ ಬರೆದಿಟ್ಟು ಸೆಟ್ಟು ಆರಿಸಿ ಮಲಗಬಹುದು. ಆ ಸ್ನೇಹಿತರು ತಮಗೆ ಬಿಡುವಾದಾಗ ಬಂದು ಓದುತ್ತಾರೆ. ಅವರು ಬೇರೊಂದು ಬಿಬಿಎಸ್‌ನ ಸದಸ್ಯರಾಗಿದ್ದರೆ ಬಿಬಿಎಸ್‌ಗಳೇ ಪರಸ್ಪರ ಸಂಪರ್ಕಿಸಿ ಕಾಗದವನ್ನು ಮುಂದಕ್ಕೆ ದಾಟಿಸುತ್ತವೆ, ಒಂದೇ ಬುಲೆಟಿನ್ ಎರಡು ದಾರಿಯಿಂದ ಬಂದರೆ ಅದರ ಗುರುತುಸಂಖ್ಯೆ ನೋಡಿ ಎರಡನೆಯದನ್ನು ನಿರಾಕರಿಸುತ್ತವೆ. ಮಾತಿನ ಸಂಪರ್ಕಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಸೆಟ್ಟಿನ ಮುಂದೆ ಕೂತಿರಬೇಕು. ಬಿಬಿಎಸ್‌ನ ಈ ಕಾಯುವ ಗುಣವೇ ನನ್ನನ್ನು ಅದಕ್ಕೆ ಕಟ್ಟಿಹಾಕಿದ್ದು. ಹತ್ತಿರ ಬಿಬಿಎಸ್ ಇಲ್ಲದಿದ್ದರೆ ಲಿನ್‌ಬಿಪಿಕ್ಯೂ ಎಂಬ ಉಚಿತ ತಂತ್ರಾಂಶದಿಂದ ಪರವಾನಗಿ ಉಳ್ಳ ಇಬ್ಬರು ಗೆಳೆಯರೇ ಒಂದನ್ನು ಆರಂಭಿಸಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎಸ್‌ಪಿಯಿಂದ ಕಳುಹಿಸಿದ್ದಕ್ಕೆ ಖಾಸಗಿ ಸಂದೇಶ ಎಂದು ಹೆಸರಿದ್ದರೂ ಅದು ಗುಟ್ಟಿನದಲ್ಲ. ಆ ಆವರ್ತನವನ್ನು ಆಲಿಸುವ ಯಾರ ತೆರೆಯ ಮೇಲೂ ಅದು ಮೂಡುತ್ತದೆ. ದೇಶ ದೇಶಗಳ ನಡುವಿನ ಹವ್ಯಾಸಿ ಸಂದೇಶಗಳ ಅರ್ಥವನ್ನು ಮರೆಮಾಚುವ ಗೂಢಲಿಪಿಯನ್ನು ಅಂತರರಾಷ್ಟ್ರೀಯ ರೇಡಿಯೊ ನಿಯಮಗಳು ಒಪ್ಪುವುದಿಲ್ಲ, ವ್ಯಾಪಾರ ವ್ಯವಹಾರಕ್ಕೂ ಇಲ್ಲಿ ಜಾಗವಿಲ್ಲ. ಹೀಗಾಗಿ ಪಾಸ್‌ವರ್ಡ್, ಬ್ಯಾಂಕ್ ವಿವರ ಮುಂತಾದವನ್ನು ಇಲ್ಲಿ ಎಂದಿಗೂ ಬರೆಯಬಾರದು.

ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಎಎಕ್ಸ್.25ಕ್ಕೆ ಅದರಿಂದ ಯಾವ ಅಡ್ಡಿಯೂ ಇಲ್ಲ. ಆದರೆ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ನಮ್ಮ ಲಿಪಿಯ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಒಂದು ಪದದಲ್ಲಿ, ಒತ್ತಕ್ಷರವನ್ನು ಬೆಸೆಯುವ ಚಿಹ್ನೆಯೂ ಸೇರಿ, ಐದು ಚಿಹ್ನೆಗಳಿರುವುದರಿಂದ ಅದೊಂದಕ್ಕೇ 15 ಬೈಟ್ ಆಗುತ್ತದೆ. ಹೆಚ್ಚೆಂದರೆ ಸೆಕೆಂಡಿಗೆ 150 ಬೈಟ್ ಸಾಗುವ ದಾರಿಯಲ್ಲಿ ಇದು ಸಣ್ಣ ಲೆಕ್ಕವಲ್ಲ. ಹಾಗಿದ್ದರೂ ಮಾತನ್ನು ಬಿಗಿಯಾಗಿ ಬರೆದರೆ ಕನ್ನಡದ ಕಾಗದ ಚೆನ್ನಾಗಿಯೇ ತಲುಪುತ್ತದೆ, ನಾನು ಕಳುಹಿಸಿ ನೋಡಿದ್ದೇನೆ.

ಕೊನೆಯದಾಗಿ, ಹೊಸದಾಗಿ ಬರುವವರಲ್ಲಿ ಒಂದು ಕೋರಿಕೆ. ಬಿಬಿಎಸ್‌ನ ಕೆಲಸ ಮುಗಿದ ಮೇಲೆ ಬಿ ಎಂಬ ಆದೇಶ ಕೊಟ್ಟು, ಸಂಪರ್ಕ ಕಡಿದಿದೆ ಎಂಬ ಸಾಲು ತೆರೆಯ ಮೇಲೆ ಬಂದ ನಂತರವೇ ಸೆಟ್ಟು ಆರಿಸಬೇಕು. ಹೇಳದೆ ಎದ್ದುಹೋದರೆ ಅತ್ತ ಕಡೆಯ ಯಂತ್ರ ಉತ್ತರಕ್ಕಾಗಿ ಮತ್ತೆ ಮತ್ತೆ ಕರೆಯುತ್ತಲೇ ಇರುತ್ತದೆ, ಅಷ್ಟು ಹೊತ್ತೂ ಅದೇ ಆವರ್ತನದಲ್ಲಿ ತಮ್ಮ ಸರದಿಗಾಗಿ ಬೇರೆಯವರು ಕಾಯುತ್ತಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ರೇಡಿಯೊ ಪರವಾನಗಿದಾರ